ತೋರಿಸಿದರು, ನೋಡಿದೆವು, ಕಂಡಿತು: ಚೀನಾದಲ್ಲಿ ಮೊದಲ ವಾರ

ಕನ್ನಡದ ಕೆಲವು ಪ್ರವಾಸಕಥನಗಳ ಹೆಸರುಗಳನ್ನು ಒಂದರ ಕೆಳಗೊಂದು ಬರೆದುಕೊಂಡು ನೋಡಿ. ಗೊರೂರರ ‘ಅಮೆರಿಕದಲ್ಲಿ ಗೊರೂರು’. ಎ.ಎನ್. ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’. ಜಿ.ಎಸ್. ಶಿವರುದ್ರಪ್ಪನವರ ‘ಮಾಸ್ಕೋದಲ್ಲಿ ಇಪ್ಪತ್ತೆರಡು ದಿನ’. ಕೃಷ್ಣಾನಂದ ಕಾಮತರ ‘ನಾನೂ ಅಮೇರಿಕೆಗೆ ಹೋಗಿದ್ದೆ’. ಮೊದಲನೆಯದರಲ್ಲಿ ದೇಶದ ಪಕ್ಕದಲ್ಲೇ, ಅದಕ್ಕೆ ಸರಿಸಮನಾಗಿ, ತನ್ನ ಊರಿನ ಹೆಸರು ಹೊತ್ತ ಮನುಷ್ಯ ನಿಂತಿದ್ದಾನೆ. ಎರಡನೆಯದು ನೋಡುವ ಕಣ್ಣಿಗೆ ವಯಸ್ಸಾಗಿದೆ ಎಂದು ಮೊದಲೇ ಹೇಳಿಬಿಡುತ್ತದೆ. ಮೂರನೆಯದು ಎಷ್ಟು ದಿನ ಇದ್ದೆ ಎಂಬ ಲೆಕ್ಕ ಒಪ್ಪಿಸುತ್ತದೆ. ನಾಲ್ಕನೆಯದರ ‘ನಾನೂ’ ಎಂಬ ದೀರ್ಘದಲ್ಲಿ, ಎಲ್ಲರೂ ಹೋಗಿಬರುವ ಕಡೆಗೆ ನಾನೂ ಹೋಗಿಬಂದೆ, ಅದರಲ್ಲೇನು ಮಹಾ ಎಂಬ ನಗೆಯಿದೆ. ಒಂದು ದೇಶವನ್ನು ಪೂರ್ತಿ ಕಂಡು ಬಂದೆನೆಂಬ ಜಂಬ ಈ ಯಾವ ಹೆಸರಿನಲ್ಲೂ ಇಲ್ಲ. ನೋಡಿದವರು ಯಾರು, ಎಷ್ಟು ದಿನ, ಯಾವ ಸ್ಥಿತಿಯಲ್ಲಿ ಎಂಬುದನ್ನು ಮುಖಪುಟದಲ್ಲೇ ತಿಳಿಸುವ ಈ ಸೌಜನ್ಯ ನಮ್ಮ ಪ್ರವಾಸಕಥನದ ದೊಡ್ಡ ಆಸ್ತಿ ಎಂದು ನನಗೆ ಅನ್ನಿಸುತ್ತದೆ.

ಈ ಆಸ್ತಿಗೆ ಇವತ್ತಿನ ವಾರಸುದಾರರು ಯಾರು? ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ವಿದೇಶಕ್ಕೆ ಹೋಗಿಬರುವುದೇ ಒಂದು ಸುದ್ದಿ. ಈಗ ತಾಲ್ಲೂಕು ಕೇಂದ್ರಗಳಲ್ಲೂ ವಿದೇಶ ಪ್ರವಾಸದ ಕರಪತ್ರ ಸಿಗುತ್ತದೆ. ನಿವೃತ್ತ ಶಿಕ್ಷಕರು, ಬ್ಯಾಂಕಿನವರು, ತಂಬಾಕಿಗೆ ಒಳ್ಳೆಯ ದರ ಸಿಕ್ಕ ವರ್ಷದ ರೈತರು ಮೂವತ್ತು ನಲವತ್ತು ಜನರ ಗುಂಪಿನಲ್ಲಿ ಹೋಗಿಬರುತ್ತಾರೆ. ಬಂದವರಲ್ಲಿ ಕೆಲವರು ಬರೆಯುತ್ತಾರೆ. ಅವು ಸಂಘದ ಸ್ಮರಣ ಸಂಚಿಕೆಗಳಲ್ಲಿ, ಭಾನುವಾರದ ಪುರವಣಿಗಳಲ್ಲಿ, ಸ್ವಂತ ಖರ್ಚಿನ ಪುಸ್ತಕಗಳಲ್ಲಿ ಬರುತ್ತವೆ. ವಿಮರ್ಶೆ ಇವುಗಳನ್ನು ಓದುವುದಿಲ್ಲ. ಓದಿದರೂ ‘ಟೂರು ಡೈರಿ’ ಎಂದು ಪಕ್ಕಕ್ಕಿಡುತ್ತದೆ. ನನ್ನ ಸಂಶೋಧನೆಯ ವಿಷಯ ಕನ್ನಡ ಪ್ರವಾಸಕಥನವಾದ್ದರಿಂದ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಇಂಥ ಬರಹಗಳನ್ನು ಹುಡುಕಿಕೊಂಡು ಓಡಾಡುತ್ತಿದ್ದೇನೆ. ಹಾಗೆ ಸಿಕ್ಕಿದ್ದರಲ್ಲಿ ಒಂದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕೆಂದಿದ್ದೇನೆ.

ಅದು ಕೆ.ಆರ್. ನಗರದ ನಿವೃತ್ತ ಪ್ರೌಢಶಾಲಾ ಶಿಕ್ಷಕರೊಬ್ಬರ ಇನ್ನೂರು ಪುಟದ ನೋಟ್‌ಬುಕ್ಕು. ಹೆಸರು ಹಾಕಬಾರದೆಂಬ ಷರತ್ತಿನ ಮೇಲೆ ಕೊಟ್ಟಿದ್ದಾರೆ. ಮೇಷ್ಟ್ರು ಎಂದೇ ಕರೆಯುತ್ತೇನೆ. 2019ರ ಏಪ್ರಿಲ್ ಮೊದಲ ವಾರದಲ್ಲಿ ಮೂವತ್ತೆರಡು ಜನರ ಗುಂಪಿನೊಂದಿಗೆ ಹನ್ನೆರಡು ದಿನ ಅವರು ಚೀನಾ ಸುತ್ತಿ ಬಂದರು. ಮೊದಲ ಏಳು ದಿನಕ್ಕೆ ಅರವತ್ತೊಂದು ಪುಟ ಬರೆದಿದ್ದಾರೆ. ಉಳಿದ ಐದು ದಿನಕ್ಕೆ ಒಂಬತ್ತೇ ಪುಟ. ಈ ಅಳತೆಯೇ ಒಂದು ಮಾಹಿತಿ. ಮೊದಲ ವಾರದಲ್ಲಿ ಎಲ್ಲವೂ ಬರೆಯಬೇಕಾದ ಸಂಗತಿ. ಆಮೇಲೆ ಕಣ್ಣಿಗೆ ಅಭ್ಯಾಸವಾಗಿ ಕೈ ಸೋಲುತ್ತದೆ. ಹಾಗಾಗಿ ಗುಂಪು ಪ್ರವಾಸದ ಬರವಣಿಗೆ ಅಂದರೆ ಬಹುಮಟ್ಟಿಗೆ ಮೊದಲ ವಾರದ ಬರವಣಿಗೆ.

ಈ ಅರವತ್ತೊಂದು ಪುಟಗಳಲ್ಲಿ ವಾಕ್ಯಗಳು ಮುಖ್ಯವಾಗಿ ಮೂರು ಕ್ರಿಯಾಪದಗಳ ಮೇಲೆ ನಿಂತಿವೆ: ತೋರಿಸಿದರು, ನೋಡಿದೆವು, ಕಂಡಿತು. ಮೊದಲನೆಯದರ ಕರ್ತೃ ಬೇರೆಯವರು. ಎರಡನೆಯದರ ಕರ್ತೃ ನಾವು. ಮೂರನೆಯದರಲ್ಲಿ ನೋಡುವವನು ಕರ್ತೃವೇ ಅಲ್ಲ, ‘ನನಗೆ’ ಎಂದು ಪಕ್ಕದಲ್ಲಿ ನಿಂತಿರುತ್ತಾನೆ. ಕಾಣುವ ವಸ್ತು ತಾನಾಗಿ ಎದ್ದು ಬರುತ್ತದೆ. ನೋಡುವುದಕ್ಕೂ ಕಾಣುವುದಕ್ಕೂ ಇರುವ ಈ ವ್ಯತ್ಯಾಸ ನಮ್ಮ ವ್ಯಾಕರಣ ನಮಗೆ ಪುಕ್ಕಟೆಯಾಗಿ ಕೊಟ್ಟ ವಿಮರ್ಶೆಯ ಅಳತೆಗೋಲು. ಮೇಷ್ಟ್ರ ನೋಟ್‌ಬುಕ್ಕಿಗೆ ಅದನ್ನು ಹಿಡಿದು ನೋಡೋಣ.

ಮೊದಲ ನಾಲ್ಕು ದಿನ ಬೀಜಿಂಗ್. ಇಲ್ಲಿ ‘ತೋರಿಸಿದರು’ ಎಂಬುದರದ್ದೇ ರಾಜ್ಯಭಾರ. ಬಾವುಟ ಹಿಡಿದ ಗೈಡು ಮುಂದೆ, ಮೂವತ್ತೆರಡು ಜನ ಹಿಂದೆ. ತಿಯಾನನ್‌ಮೆನ್ ಚೌಕ ತೋರಿಸಿದರು, ಅದರ ಉತ್ತರಕ್ಕಿರುವ ಅರಮನೆ ತೋರಿಸಿದರು, ಮಹಾಗೋಡೆ ತೋರಿಸಿದರು, ಹಸಿರು ಕಲ್ಲಿನ ಆಭರಣದ ಕಾರ್ಖಾನೆ ತೋರಿಸಿದರು, ರೇಷ್ಮೆಯ ಮಳಿಗೆ ತೋರಿಸಿದರು. ಅರಮನೆಗೂ ಆಭರಣದ ಅಂಗಡಿಗೂ ಒಂದೇ ಕ್ರಿಯಾಪದ, ಹೆಚ್ಚುಕಡಿಮೆ ಒಂದೇ ಸಮಯ. ಪ್ರವಾಸಿಗರನ್ನು ಬಲವಂತವಾಗಿ ಅಂಗಡಿಗೆ ಕರೆದೊಯ್ಯುವುದನ್ನು ತಡೆಯಲು ಚೀನಾ 2013ರಲ್ಲಿ ಕಾನೂನನ್ನೇ ತಂದಿತು ಎಂಬುದು ಗೊತ್ತಿದ್ದರೆ ಈ ಪುಟಗಳು ಬೇರೆಯೇ ಥರ ಕಾಣುತ್ತವೆ. ಆದರೆ ಮೇಷ್ಟ್ರಿಗೆ ಸಿಕ್ಕಿದ್ದ ದಾರಿ ಕರಪತ್ರದ್ದು. ಅದರಲ್ಲಿ ಅಂಗಡಿಯೂ ಒಂದು ಪ್ರೇಕ್ಷಣೀಯ ಸ್ಥಳ.

ತೋರಿಸುವವರು ಹೇಳಿದ್ದೂ ಹಾಗೆಯೇ ನೋಟ್‌ಬುಕ್ಕಿಗೆ ಇಳಿದಿದೆ. ಅರಮನೆಯಲ್ಲಿ 9,999 ಕೋಣೆಗಳು ಎಂದು ಬರೆದುಕೊಂಡಿದ್ದಾರೆ. ಇದು ಆ ಅರಮನೆಯ ಬಗ್ಗೆ ಬಹಳ ಕಾಲದಿಂದ ಹೇಳಿಕೊಂಡು ಬಂದಿರುವ ಕಥೆ. ಸ್ವರ್ಗದ ಅರಮನೆಗೆ 10,000 ಕೋಣೆ, ಭೂಮಿಯ ದೊರೆಗೆ ಒಂದು ಕಡಿಮೆ ಇರಲಿ ಎಂಬ ಲೆಕ್ಕ. ಮಹಾಗೋಡೆ ಚಂದ್ರನಿಂದಲೂ ಕಾಣುತ್ತದೆ ಎಂಬ ಮಾತೂ ಇದೆ. 2003ರಲ್ಲಿ ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೆಯ್ ಭೂಮಿಯನ್ನು ಸುತ್ತಿ ಬಂದು, ತನಗೆ ಗೋಡೆ ಕಾಣಲಿಲ್ಲ ಎಂದ ಮೇಲೂ ಈ ಮಾತು ಸತ್ತಿಲ್ಲ. ಇಂಥವನ್ನು ಎತ್ತಿ ತೋರಿಸಿ ಮೇಷ್ಟ್ರ ತಪ್ಪು ಹಿಡಿಯುವುದು ನನ್ನ ಉದ್ದೇಶವಲ್ಲ. ನನಗೆ ಮುಖ್ಯವಾಗಿ ಕಾಣುವುದು ಇದು: ಈ ವಾಕ್ಯಗಳು ‘ತೋರಿಸಿದರು’, ‘ಹೇಳಿದರು’ ಎಂದು ಮುಗಿಯುವ ತನಕ ಪ್ರಾಮಾಣಿಕವಾಗಿಯೇ ಇವೆ. ಯಾರೋ ಹೇಳಿದ್ದನ್ನು ಬರೆದುಕೊಂಡೆ ಎಂದು ಅವೇ ಸಾಕ್ಷಿ ಹೇಳುತ್ತವೆ. ಎಷ್ಟೋ ಅಚ್ಚಾದ ಪ್ರವಾಸಕಥನಗಳು ಮಾಡುವ ಕೆಲಸ ಬೇರೆ. ಅವು ‘ಹೇಳಿದರು’ ಎಂಬುದನ್ನು ಒರೆಸಿಹಾಕಿ ಗೈಡಿನ ಮಾತನ್ನು ತಮ್ಮ ಜ್ಞಾನವಾಗಿ ಮಾಡಿಕೊಳ್ಳುತ್ತವೆ. ಕರಡಿನಿಂದ ಅಚ್ಚಿಗೆ ಹೋಗುವಾಗ ಮೊದಲು ಬಿದ್ದುಹೋಗುವ ಪದ ಅದು.

ಎರಡನೆಯ ಕ್ರಿಯಾಪದ ‘ನೋಡಿದೆವು’. ಅದರ ಜೊತೆಗೆ ಹೋದೆವು, ಉಂಡೆವು, ಏರಿದೆವು, ಇಳಿದೆವು. ಕನ್ನಡದ ಈ ‘ಎವು’ ಪ್ರತ್ಯಯ ಇಡೀ ಬಸ್ಸನ್ನು ಒಂದೇ ಬಾಯಿಯನ್ನಾಗಿ ಮಾಡಿಬಿಡುತ್ತದೆ. ಗುಂಪು ಪ್ರವಾಸದ ಬರಹಗಳನ್ನು ಗೇಲಿ ಮಾಡುವವರು ಸಾಮಾನ್ಯವಾಗಿ ಊಟದ ಪುಟಗಳನ್ನು ಹಿಡಿದುಕೊಳ್ಳುತ್ತಾರೆ. ಮೇಷ್ಟ್ರಲ್ಲೂ ಅವು ಧಾರಾಳವಾಗಿವೆ. ಬೀಜಿಂಗಿನ ಭಾರತೀಯ ಹೋಟೆಲಿನಲ್ಲಿ ಮೂರು ದಿನವೂ ಅದೇ ಚಪಾತಿ, ದಾಲು. ಸಂಜೆ ಕೋಣೆಯಲ್ಲಿ ಚಟ್ನಿಪುಡಿ, ನಿಪ್ಪಟ್ಟು, ಹುರಿಹಿಟ್ಟಿನ ಡಬ್ಬಗಳು ತೆರೆಯುತ್ತವೆ. ಹೋಟೆಲಿನ ವೈಫೈಯಲ್ಲಿ ವಾಟ್ಸಪ್ ತೆರೆಯದೆ ಎಲ್ಲರೂ ಊರಿನ ಸುದ್ದಿಗೆ ಹಪಹಪಿಸುತ್ತಾರೆ. ನನಗೆ ಈ ಪುಟಗಳು ಬೇಕು. ವಿದೇಶದಲ್ಲಿ ಮೊದಲ ವಾರ ಕಳೆಯುತ್ತಿರುವ ಗುಂಪೊಂದು ನಿಜವಾಗಿ ಅರಿಯುವ ಒಂದೇ ಸಮಾಜವೆಂದರೆ ಆ ಗುಂಪು. ಊರಿನಲ್ಲಿ ಒಬ್ಬರ ಮನೆಯಲ್ಲಿ ಇನ್ನೊಬ್ಬರು ಉಣ್ಣದವರು ಹೋಟೆಲಿನ ಮಂಚದ ಮೇಲೆ ಪೇಪರು ಹಾಸಿ ಒಂದೇ ಡಬ್ಬಕ್ಕೆ ಕೈ ಹಾಕಿದ್ದನ್ನು ಮೇಷ್ಟ್ರು ಬರೆದಿದ್ದಾರೆ. ಬರೆದು ಮುಂದಕ್ಕೆ ಹೋಗಿದ್ದಾರೆ. ಕೆ.ಆರ್. ನಗರವನ್ನು ಅರಿಯಲು ಚೀನಾದ ಹೋಟೆಲಿನ ಕೋಣೆ ಬೇಕಾಯಿತು. ಇದು ಸಣ್ಣ ಸಂಗತಿಯಲ್ಲ.

ತೊಂದರೆ ಶುರುವಾಗುವುದು ಮೂರನೆಯ ದಿನದ ರಾತ್ರಿ. ಅಲ್ಲಿಯವರೆಗೂ ನಾವು ಎಂದಿದ್ದ ವಾಕ್ಯಗಳಿಗೆ ಒಮ್ಮೆಗೇ ಹೊಸ ಕರ್ತೃ ಬರುತ್ತದೆ: ಚೀನೀಯರು. ಚೀನೀಯರು ಶಿಸ್ತಿನ ಜನ, ಚೀನೀಯರು ಕೆಲಸಗಳ್ಳರಲ್ಲ, ಚೀನೀಯರು ರಸ್ತೆಯಲ್ಲಿ ಉಗುಳುವುದಿಲ್ಲ. ಮೂರು ದಿನದಲ್ಲಿ ಮೇಷ್ಟ್ರು ಮಾತಾಡಿದ ಚೀನೀಯರು ಇಬ್ಬರು: ಗೈಡು ಮತ್ತು ಹೋಟೆಲಿನ ಕೌಂಟರಿನಲ್ಲಿ ಕೂತ ಹುಡುಗಿ. ನೂರಮೂವತ್ತು ಕೋಟಿಗೂ ಹೆಚ್ಚು ಜನರನ್ನು ಒಂದು ಬಹುವಚನದಲ್ಲಿ ಕಟ್ಟಿಹಾಕುವುದಕ್ಕೆ ಇಷ್ಟು ಸಾಕಾಯಿತು. ಅದರ ಬೆನ್ನಿಗೇ ಬರುವ ಪ್ಯಾರಾ ಚೀನಾದ ಬಗ್ಗೆ ಇರುವುದೇ ಇಲ್ಲ. ಅದು ನಮ್ಮವರಿಗೆ ಬುದ್ಧಿ ಹೇಳುವ ಪ್ಯಾರಾ: ನಮ್ಮ ಬಸ್‌ಸ್ಟ್ಯಾಂಡು, ನಮ್ಮ ಕಚೇರಿ, ನಮ್ಮ ಹುಡುಗರು. ಕನ್ನಡದ ಗುಂಪು ಪ್ರವಾಸದ ಬರಹಗಳಲ್ಲಿ ಪರದೇಶ ಅನೇಕ ಸಲ ಒಂದು ಬೆತ್ತ. ಊರಿನವರ ಬೆನ್ನಿಗೆ ಬಾರಿಸಲು ಹೊರಗಿನಿಂದ ತಂದದ್ದು. ಅಮೆರಿಕ, ಜಪಾನ್, ಸಿಂಗಪುರ, ಈಗ ಚೀನಾ. ಬೆತ್ತ ಬದಲಾಗುತ್ತದೆ, ಏಟು ಬದಲಾಗುವುದಿಲ್ಲ.

ಇಂಥ ಬಹುವಚನದ ಬಗ್ಗೆ ನಮಗೆ ಎಚ್ಚರ ಇರಬೇಕಾದದ್ದಕ್ಕೆ ಒಂದು ವಿಶೇಷ ಕಾರಣವಿದೆ. ನಾವೇ ಅದರ ಫಲಾನುಭವಿಗಳು. ಏಳನೆಯ ಶತಮಾನದಲ್ಲಿ ದಕ್ಖನ್ನಿಗೆ ಬಂದ ಹ್ಯೂಯೆನ್ ತ್ಸಾಂಗ್ ಇಮ್ಮಡಿ ಪುಲಕೇಶಿಯ ನಾಡಿನ ಬಗ್ಗೆ ಬರೆದದ್ದನ್ನು ನಾವೆಲ್ಲ ಹೈಸ್ಕೂಲಿನಲ್ಲಿ ಓದಿದ್ದೇವೆ. ಉಪಕಾರ ಮಾಡಿದವರನ್ನು ಮರೆಯದ, ಕೆಡುಕು ಮಾಡಿದವರನ್ನು ಬಿಡದ ಅಭಿಮಾನಿ ಜನ ಎಂಬ ಅರ್ಥದ ಅವನ ಮಾತನ್ನು ನಮಗೆ ಸಿಕ್ಕ ಪ್ರಮಾಣಪತ್ರವೆಂದು ಹೆಮ್ಮೆಯಿಂದ ಇಟ್ಟುಕೊಂಡಿದ್ದೇವೆ. ಅವನ ಪುಸ್ತಕವನ್ನು ಸ್ವಲ್ಪ ಉದ್ದಕ್ಕೆ ಓದಿದರೆ ಒಂದು ಅಚ್ಚು ಎದ್ದು ಕಾಣುತ್ತದೆ. ಒಂದೊಂದು ದೇಶಕ್ಕೂ ಅದರ ಸುತ್ತಳತೆ, ಮಣ್ಣು, ಬೆಳೆ, ಹವೆ, ಜನರ ಸ್ವಭಾವ, ವಿಹಾರಗಳೆಷ್ಟು, ಭಿಕ್ಷುಗಳೆಷ್ಟು ಎಂಬ ಒಂದೇ ಕ್ರಮದ ವರದಿ. ಒಂದು ಕಡೆಯ ಜನ ಸರಳರು, ಇನ್ನೊಂದು ಕಡೆಯವರು ಮುಂಗೋಪಿಗಳು, ಮತ್ತೊಂದು ಕಡೆಯವರು ಹೇಡಿಗಳು. ನಮ್ಮ ಪಾಲಿಗೆ ಒಳ್ಳೆಯ ಸಾಲು ಬಂದದ್ದರಿಂದ ನಾವು ಅಚ್ಚನ್ನು ಪ್ರಶ್ನಿಸಲಿಲ್ಲ. ಮೇಷ್ಟ್ರು ‘ಚೀನೀಯರು ಶಿಸ್ತಿನ ಜನ’ ಎಂದು ಬರೆದಾಗ ಅವರು ಹ್ಯೂಯೆನ್ ತ್ಸಾಂಗನ ಸಾಲವನ್ನು ಹದಿಮೂರು ಶತಮಾನ ಆದ ಮೇಲೆ ಅದೇ ನಾಣ್ಯದಲ್ಲಿ ತೀರಿಸಿದ್ದಾರೆ.

ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಿದರೆ ಆ ಯಾತ್ರಿಕನಿಗೆ ಅನ್ಯಾಯವಾಗುತ್ತದೆ. ಅವನು ಭಾಷೆ ಕಲಿತ, ನಳಂದದಲ್ಲಿ ಕೂತು ಓದಿದ, 645ರಲ್ಲಿ ತನ್ನ ರಾಜಧಾನಿಗೆ ಮರಳುವಾಗ 657 ಗ್ರಂಥಗಳನ್ನು ಹೊತ್ತು ತಂದ. ಅವುಗಳನ್ನು ಇಡಲೆಂದು 652ರಲ್ಲಿ ಕಟ್ಟಿದ ಗೋಪುರ ಇವತ್ತಿಗೂ ಶಿಯಾನ್ ನಗರದಲ್ಲಿದೆ. ಮುಂದೆ ಅವನ ಪ್ರತಿಮೆಯೂ ಇದೆ. ಆರನೆಯ ದಿನದ ಸಂಜೆ ಮೇಷ್ಟ್ರ ಬಸ್ಸು ಆ ಗೋಪುರದ ಮುಂದೆ ಇಪ್ಪತ್ತು ನಿಮಿಷ ನಿಂತಿತ್ತು. ನೋಟ್‌ಬುಕ್ಕಿನಲ್ಲಿ ಅದಕ್ಕೆ ಒಂದೂವರೆ ಸಾಲು: ದೊಡ್ಡ ಗೋಪುರ, ಫೋಟೋ ತೆಗೆಸಿಕೊಂಡದ್ದು, ಚಳಿ. ಮೂವತ್ತು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವರು, ಪ್ರತಿವರ್ಷ ಕಪ್ಪುಹಲಗೆಯ ಮೇಲೆ ಬರೆದ ಹೆಸರಿನ ಮನುಷ್ಯನ ಮನೆಬಾಗಿಲಲ್ಲಿ ಫೋಟೋ ತೆಗೆಸಿಕೊಂಡು ಬಂದರು. ಗೈಡು ಆ ಹೆಸರನ್ನು ಇಂದಿನ ಚೀನೀ ಉಚ್ಚಾರಣೆಯಲ್ಲಿ ‘ಶ್ವಾನ್‌ಜಾಂಗ್’ ಎಂದು ಹೇಳಿರಬೇಕು. ನಮ್ಮ ಪಠ್ಯದ ‘ಹ್ಯೂಯೆನ್ ತ್ಸಾಂಗ್’ ಅದರಲ್ಲಿ ಕೇಳಿಸುವುದು ಕಷ್ಟ. ನಾವು ಪಠ್ಯದಲ್ಲಿ ಕಲಿಸುವ ಚೀನಾಕ್ಕೂ ವಿಮಾನದಲ್ಲಿ ಹೋಗಿ ಇಳಿಯುವ ಚೀನಾಕ್ಕೂ ನಡುವೆ ಸೇತುವೆಯೇ ಇಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇನ್ನು ಮೂರನೆಯ ಕ್ರಿಯಾಪದ. ‘ಕಂಡಿತು’ ಎಂಬುದು ಅರವತ್ತೊಂದು ಪುಟಗಳಲ್ಲಿ ತೀರ ವಿರಳ. ಅದು ಮೊದಲು ಬರುವುದು ಐದನೆಯ ದಿನ, ಬೀಜಿಂಗಿನಿಂದ ಶಿಯಾನಿಗೆ ಹೋಗುವ ವೇಗದ ರೈಲಿನಲ್ಲಿ. ಸುಮಾರು 1,200 ಕಿಲೋಮೀಟರು, ಐದು ಗಂಟೆ ಚಿಲ್ಲರೆ. ಗೈಡು ನಿದ್ದೆ ಮಾಡುತ್ತಿದ್ದಾನೆ. ಗುಂಪಿನವರು ರೈಲಿನ ವೇಗ ತೋರಿಸುವ ಫಲಕದ ಫೋಟೋ ತೆಗೆಯುತ್ತಿದ್ದಾರೆ. ಮೇಷ್ಟ್ರಿಗೆ ಕಿಟಕಿ ಸಿಕ್ಕಿದೆ. ಯಾರೂ ಏನನ್ನೂ ತೋರಿಸದ ಮೊದಲ ಐದು ಗಂಟೆ ಅದು. ಹೊರಗೆ ಗೋಧಿಯ ಹಸಿರು, ಬಯಲು ಮುಗಿಯುವುದೇ ಇಲ್ಲ. ಆ ಹಸಿರಿನ ನಡುವೆ ಅಲ್ಲಲ್ಲಿ ಮಣ್ಣಿನ ಗುಪ್ಪೆಗಳು, ಪಕ್ಕದಲ್ಲಿ ಒಂದೆರಡು ಮರ, ಗುಪ್ಪೆಯ ಮೇಲೆ ಬಣ್ಣದ ಕಾಗದದ ಚೂರು. ಅವು ಸಮಾಧಿಗಳೆಂದು ಅವರಿಗೆ ಹೊಳೆಯುತ್ತದೆ. ಹೊಳೆದ ಕೂಡಲೇ ವಾಕ್ಯದ ಕರ್ತೃ ಬದಲಾಗುತ್ತದೆ. ಐದು ದಿನದಿಂದ ಕಾಣೆಯಾಗಿದ್ದ ‘ನಾನು’ ಬರುತ್ತದೆ. ಚಾಮರಾಜ ನಾಲೆಯ ಬಯಲಿನಲ್ಲಿ ತಮ್ಮ ಗದ್ದೆಯ ಮೂಲೆಯಲ್ಲಿರುವ ಅಪ್ಪನ ಗುಡ್ಡೆ, ಉಳುವಾಗ ಟ್ರ್ಯಾಕ್ಟರು ಅದನ್ನು ಬಳಸಿಕೊಂಡು ಹೋಗುವ ರೀತಿ, ಪಿತೃಪಕ್ಷದಲ್ಲಿ ಎಡೆ ಇಡುವುದು, ಅಣ್ಣತಮ್ಮಂದಿರು ಪಾಲಾದಾಗ ಆ ಮೂಲೆ ಯಾರಿಗೆ ಎಂಬ ಜಗಳ: ಒಂದೂವರೆ ಪುಟ ಇದೇ. ಇಡೀ ನೋಟ್‌ಬುಕ್ಕಿನಲ್ಲಿ ಚೀನಾದ ಬಗ್ಗೆ ಇರುವ ಅತ್ಯುತ್ತಮ ಪುಟ ಇದು, ಕೆ.ಆರ್. ನಗರದ ಬಗ್ಗೆ ಇರುವ ಅತ್ಯುತ್ತಮ ಪುಟವೂ ಇದೇ.

ಮೇಷ್ಟ್ರಿಗೆ ತಿಳಿಯದ ಒಂದು ಸಂಗತಿಯನ್ನು ಓದುಗನಾಗಿ ನಾನು ಸೇರಿಸಬಹುದು. ಏಪ್ರಿಲ್ ಮೊದಲ ವಾರದಲ್ಲಿ ಬರುವ ಛಿಂಗ್‌ಮಿಂಗ್ ಹಬ್ಬದಲ್ಲಿ ಚೀನೀ ಕುಟುಂಬಗಳು ಹಿರಿಯರ ಸಮಾಧಿಗೆ ಹೋಗಿ ಗುಡಿಸಿ, ಕಳೆ ಕಿತ್ತು, ಊಟವಿಟ್ಟು, ಕಾಗದ ಸುಟ್ಟು ಬರುತ್ತವೆ. 2019ರಲ್ಲಿ ಅದು ಏಪ್ರಿಲ್ 5ಕ್ಕೆ ಬಿದ್ದಿತ್ತು. ಅದಕ್ಕೆ ಮೂರು ದಿನ ರಜೆ. ಅರಮನೆಯಲ್ಲೂ ಮಹಾಗೋಡೆಯಲ್ಲೂ ವಿಪರೀತ ಜನಸಂದಣಿ ಎಂದು ಮೇಷ್ಟ್ರು ಗೊಣಗಿದ್ದಾರೆ. ರಜೆಯ ಜನ ಎಂದಷ್ಟೇ ಗೈಡು ಹೇಳಿದ್ದ. ಯಾವ ರಜೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವರ ಮೊದಲ ವಾರ ಒಂದು ದೇಶದ ಪಿತೃಪಕ್ಷದ ವಾರವೂ ಆಗಿತ್ತು ಎಂದು ತಿಳಿಯುತ್ತಿತ್ತು. ‘ತೋರಿಸಿದರು’ ಎಂಬ ನಾಲ್ಕು ದಿನ ಕೊಡದ ಚೀನಾವನ್ನು ಒಂದು ಕಿಟಕಿ ಕೊಟ್ಟಿತು. ಕೊಡಲು ಸಾಧ್ಯವಾದದ್ದು, ನೋಡುವವರಿಗೆ ತಮ್ಮ ಗದ್ದೆಯ ಮೂಲೆ ನೆನಪಿದ್ದುದರಿಂದ.

ಇನ್ನೊಂದು ಪ್ರಸಂಗ ಏಳನೆಯ ದಿನದ್ದು. ಗುಂಪಿನಲ್ಲಿ ಹುಣಸೂರು ಕಡೆಯ ತಂಬಾಕು ಬೆಳೆಗಾರರೊಬ್ಬರಿದ್ದರು. ಶಿಯಾನಿನಿಂದ ವಿಮಾನ ನಿಲ್ದಾಣಕ್ಕೆ ಹೋಗುವ ಬಸ್ಸಿನಲ್ಲಿ ಅವರು ಗೈಡಿಗೆ ಕೇಳಿದ್ದು ಒಂದೇ ಪ್ರಶ್ನೆ: ಇಲ್ಲಿ ಹೊಗೆಸೊಪ್ಪಿಗೆ ಕೆಜಿಗೆ ಏನು ರೇಟು, ಯಾರು ಕೊಳ್ಳುತ್ತಾರೆ? ಪೇಟೆಯ ಹುಡುಗನಾದ ಗೈಡಿಗೆ ಉತ್ತರ ಗೊತ್ತಿರಲಿಲ್ಲ. ಬಸ್ಸು ನಕ್ಕಿತು. ಎಲ್ಲರೂ ನಕ್ಕೆವು ಎಂದು ಮೇಷ್ಟ್ರೂ ಬರೆದಿದ್ದಾರೆ. ನನಗೆ ಅದು ಆ ವಾರದ ಅತ್ಯಂತ ಗಂಭೀರ ಪ್ರಶ್ನೆಯಾಗಿ ಕಾಣುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ತಂಬಾಕು ಬೆಳೆಯುವ ದೇಶ ಚೀನಾ. ಅಲ್ಲಿ ರೈತನಿಂದ ಎಲೆ ಕೊಳ್ಳುವುದು ಸರ್ಕಾರದ ಏಕಸ್ವಾಮ್ಯ. ಇಲ್ಲಿ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಬೆಳೆಗಾರ ಲೈಸೆನ್ಸು ಮಾಡಿಸಿ, ಬ್ಯಾರನ್ನಿನಲ್ಲಿ ಸೌದೆ ಉರಿಸಿ ಎಲೆ ಬೇಯಿಸಿ, ತಂಬಾಕು ಮಂಡಳಿಯ ಹರಾಜು ಕಟ್ಟೆಯಲ್ಲಿ ಬೇಲು ಇಟ್ಟುಕೊಂಡು ಕಂಪನಿಯವರ ಮುಖ ನೋಡುತ್ತಾನೆ. ಒಬ್ಬನೇ ಕೊಳ್ಳುವವನಿದ್ದರೆ ಒಳ್ಳೆಯದೋ, ಹತ್ತು ಜನ ಒಳಗೊಳಗೇ ಮಾತಾಡಿಕೊಂಡರೆ ಎಂಬ ಅನುಮಾನದೊಂದಿಗೆ ಹರಾಜಿನಲ್ಲಿ ನಿಲ್ಲುವುದು ಒಳ್ಳೆಯದೋ? ನಮ್ಮ ಸೀಮೆಯ ಮನುಷ್ಯ ಚೀನಾಕ್ಕೆ ಒಯ್ಯಬಹುದಾದ ಪ್ರಶ್ನೆ ಇದು. ಅರಮನೆಯ ಕೋಣೆಗಳನ್ನು ಎಣಿಸಲು ಯಾರು ಬೇಕಾದರೂ ಹೋಗಬಹುದು. ಈ ಪ್ರಶ್ನೆ ಕೇಳಲು ಹರಾಜು ಕಟ್ಟೆಯಲ್ಲಿ ನಿಂತು ಗೊತ್ತಿರುವವರೇ ಬೇಕು.

ಹಾಗೆ ನೋಡಿದರೆ ಈ ನಾಲ್ಕು ತಾಲ್ಲೂಕುಗಳ ಜನ ಇಂಥ ಪ್ರವಾಸಕ್ಕೆ ಬರಿಗೈಯಲ್ಲಿ ಹೋಗಬೇಕಾಗಿಲ್ಲ. ಯಾಂಗ್ಸಿ ನದಿಯ ಹಡಗು ವಿಹಾರಕ್ಕೆ ಎಚ್.ಡಿ. ಕೋಟೆಯವರೊಬ್ಬರು ಹೋದರು ಎಂದುಕೊಳ್ಳೋಣ. ಮೂರು ಕಮರಿಗಳ ಅಣೆಕಟ್ಟು ಸುಮಾರು 13 ಲಕ್ಷ ಜನರನ್ನು ಎಬ್ಬಿಸಿತು. ಕಬಿನಿ ಅಣೆಕಟ್ಟು 1974ರಲ್ಲಿ ಮುಗಿದಾಗ ನೀರಿನಡಿಗೆ ಹೋದ ಊರುಗಳ ಹೆಸರು ಕೋಟೆಯ ಹಿರಿಯರ ಬಾಯಲ್ಲಿ ಇನ್ನೂ ಇವೆ. ಈಗ ಅದೇ ಹಿನ್ನೀರಿನಲ್ಲಿ ದೋಣಿಯಲ್ಲಿ ಕೂತ ಪ್ರವಾಸಿಗರಿಗೆ ಆನೆ ತೋರಿಸುತ್ತಾರೆ; ಊರನ್ನು ತೋರಿಸುವುದಿಲ್ಲ. ನಾಗರಹೊಳೆಯ ಕಾಡಿನಿಂದ ಹೊರಗೆ ಬಂದ ಜೇನುಕುರುಬರ ಹಾಡಿಗಳನ್ನಂತೂ ಯಾವ ಕರಪತ್ರದಲ್ಲೂ ಹಾಕುವುದಿಲ್ಲ. ಕೋಟೆಯ ಮನುಷ್ಯನಿಗೆ ಯಾಂಗ್ಸಿಯ ಮೇಲೆ ಕೂತಾಗ ‘ಇದರ ಕೆಳಗೆ ಏನಿತ್ತು?’ ಎಂದು ಕೇಳಬೇಕೆನಿಸಿದರೆ, ಆ ಒಂದು ಪ್ರಶ್ನೆ ಕರಪತ್ರದ ಹತ್ತು ಪುಟಕ್ಕೆ ಸಮ. ಮೇಷ್ಟ್ರ ಗುಂಪು ನೋಡಿದ ಮಣ್ಣಿನ ಸೈನ್ಯವನ್ನೂ 1974ರಲ್ಲೇ, ಬಾವಿ ತೋಡುತ್ತಿದ್ದ ರೈತರು ಕಂಡುಹಿಡಿದರು. ನೀರು ಹುಡುಕಿದವರಿಗೆ ಚಕ್ರವರ್ತಿ ಸಿಕ್ಕ. ಆ ಬಾವಿಯ ಗತಿ ಏನಾಯಿತು, ಆ ಹೊಲ ಯಾರದ್ದಾಯಿತು ಎಂದು ಕೇಳಲು ಬರಗಾಲದಲ್ಲಿ ಬೋರ್‌ವೆಲ್ ಕೊರೆಸಿ ಸೋತ ಊರಿನವರಿಗಿಂತ ಯೋಗ್ಯರು ಯಾರಿದ್ದಾರೆ?

ನೋಡುವವರಾಗಿ ಮಾತ್ರವಲ್ಲ, ನೋಡಿಸಿಕೊಂಡವರಾಗಿಯೂ ನಮಗೆ ಈ ವಿಷಯದಲ್ಲಿ ಅನುಭವವಿದೆ. ನಾನು ಪಿರಿಯಾಪಟ್ಟಣ ತಾಲ್ಲೂಕಿನ ಕಡೆಯವನು. ನಮ್ಮ ಬೈಲಕುಪ್ಪೆಗೆ ಭಾನುವಾರ ಬಸ್ಸುಗಳು ಸಾಲುಗಟ್ಟಿ ಬರುತ್ತವೆ. 1959ರ ನಂತರ ಟಿಬೆಟ್ ಬಿಟ್ಟು ಬಂದವರಿಗೆ ಅಂದಿನ ಮೈಸೂರು ರಾಜ್ಯ ಕೊಟ್ಟ ಭೂಮಿ ಅದು. ಆಮೇಲೆ ಹುಣಸೂರಿನ ಗುರುಪುರದಲ್ಲೂ ಅಂಥದೇ ವಸತಿ ಬಂತು. ಕಾಡು ಕಡಿದು, ಮುಸುಕಿನ ಜೋಳ ಬಿತ್ತಿ, ಸೆರಾದಂಥ ದೊಡ್ಡ ಮಠವನ್ನು ಮತ್ತೆ ಕಟ್ಟಿದ ಜನ. ಕುಶಾಲನಗರ, ನಿಸರ್ಗಧಾಮ, ದುಬಾರೆಗಳ ನಡುವೆ ಪ್ರವಾಸಿ ಬಸ್ಸಿಗೆ ಇಲ್ಲಿ ಮುಕ್ಕಾಲು ಗಂಟೆ ಸಮಯ. ‘ಮಿನಿ ಟಿಬೆಟ್’ ಎಂದು ಇಳಿಯುತ್ತಾರೆ, ಗೋಲ್ಡನ್ ಟೆಂಪಲ್ಲಿನಲ್ಲಿ ‘ಮೂರು ಬುದ್ಧ’ರನ್ನು ನೋಡುತ್ತಾರೆ, ಮೊಮೊ ತಿಂದು ಹತ್ತುತ್ತಾರೆ. ಆ ಮೂರರಲ್ಲಿ ನಡುವಿನವನು ಶಾಕ್ಯಮುನಿ ಬುದ್ಧ. ಅಕ್ಕಪಕ್ಕದವರು ಪದ್ಮಸಂಭವ ಮತ್ತು ಅಮಿತಾಯುಸ್. ಮನೆಗೆ ಹೋಗಿ ಬರೆದರೆ ‘ಟಿಬೆಟಿಯನ್ನರು ಶಾಂತಿಪ್ರಿಯರು, ನಗುಮೊಗದವರು’ ಎಂಬ ಸಾಲು ತಪ್ಪುವುದಿಲ್ಲ. ಅದೇ ಅಚ್ಚು, ಅದೇ ಬಹುವಚನ. ನನ್ನ ಜೊತೆ ಓದಿದ, ನನ್ನಷ್ಟೇ ಚೆನ್ನಾಗಿ ಕನ್ನಡ ಬೈಯುತ್ತಿದ್ದ, ಚಳಿಗಾಲದಲ್ಲಿ ಅಪ್ಪ ಅಮ್ಮ ದೂರದ ಪೇಟೆಗೆ ಸ್ವೆಟರ್ ಮಾರಲು ಹೋದಾಗ ಮಂಕಾಗಿ ಕೂರುತ್ತಿದ್ದ ಹುಡುಗ ಆ ಸಾಲಿನಲ್ಲಿ ಎಲ್ಲೂ ಇಲ್ಲ.

ಮೇಷ್ಟ್ರ ಊರಿನಿಂದ ಬೈಲಕುಪ್ಪೆ ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳುವಷ್ಟು ದೂರ. ಆದರೂ ಅವರ ಚೀನಾ ನೋಟ್‌ಬುಕ್ಕಿನಲ್ಲಿ ಟಿಬೆಟ್ ಎಂಬ ಪದ ಒಮ್ಮೆಯೂ ಬಂದಿಲ್ಲ. ಅವರನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ; ಕರಪತ್ರದ ದಾರಿ ನಮ್ಮ ಮಾತಿನ ದಾರಿಯನ್ನೂ ನಿರ್ಧರಿಸುತ್ತದೆ ಎಂಬುದಕ್ಕೆ ಹೇಳುತ್ತಿದ್ದೇನೆ. ವಿದೇಶೀಯರು ಟಿಬೆಟಿಗೆ ಹೋಗಬೇಕಾದರೆ ಪರವಾನಗಿ ಬೇಕು, ಗೈಡಿನೊಂದಿಗೆ ಏರ್ಪಾಡಾದ ಪ್ರವಾಸವಾಗಿಯೇ ಹೋಗಬೇಕು. ಬೈಲಕುಪ್ಪೆಯಲ್ಲಿ ಉಳಿಯಬೇಕೆನ್ನುವ ವಿದೇಶೀಯರಿಗೂ ನಮ್ಮ ಸರ್ಕಾರದ ಪರವಾನಗಿ ಬೇಕು. 2020ರಿಂದ ನಿಂತಿದ್ದ ಕೈಲಾಸ ಮಾನಸಸರೋವರ ಯಾತ್ರೆ 2025ರಲ್ಲಿ ಮತ್ತೆ ಶುರುವಾಗಿದೆ. ಅದೂ ಗುಂಪಿನ ಯಾತ್ರೆಯೇ. ಮೈಸೂರು ಸೀಮೆಯ ಭಕ್ತರು ಆ ಗುಂಪಿನಲ್ಲಿ ಹೋಗಿಬರಬಹುದು. ಬೈಲಕುಪ್ಪೆಯಲ್ಲೇ ಹುಟ್ಟಿ, ನಿರಾಶ್ರಿತರ ನೋಂದಣಿ ಪತ್ರ ಹಿಡಿದಿರುವ ನನ್ನ ಸಹಪಾಠಿಗೆ ತನ್ನ ಅಜ್ಜಿಯ ಊರಿಗೆ ಹಾಗೆ ಹೋಗಿಬರುವುದು ಸುಲಭವಲ್ಲ. ಮುಂದೆ ಕನ್ನಡದಲ್ಲಿ ಕೈಲಾಸದ ಕಥನಗಳು ಇನ್ನಷ್ಟು ಬರುತ್ತವೆ. ಅವುಗಳಲ್ಲಿ ಪರ್ವತವೊಂದೇ ಇರುತ್ತದೋ, ಅದರ ತಪ್ಪಲಿನಿಂದ ಬಂದು ನಮ್ಮ ಪಕ್ಕದಲ್ಲಿ ಜೋಳ ಬೆಳೆಯುತ್ತಿರುವವರ ಒಂದು ನೆನಪಾದರೂ ಇರುತ್ತದೋ ಎಂದು ನಾನು ಕಾದು ಓದುತ್ತೇನೆ.

ಪ್ರವಾಸಕಥನವನ್ನು ಅಳೆಯುವಾಗ ಲೇಖಕ ಎಷ್ಟು ದಿನ ಇದ್ದ, ಒಬ್ಬನೇ ಹೋದನೋ ಗುಂಪಿನಲ್ಲೋ ಎಂದು ಕೇಳಿ ಅಲ್ಲಿಗೇ ತೀರ್ಪು ಕೊಡುವ ಅಭ್ಯಾಸ ನಮ್ಮ ತರಗತಿಗಳಲ್ಲಿದೆ. ಒಂಟಿಯಾಗಿ ಬೆನ್ನಚೀಲ ಹಾಕಿಕೊಂಡು ಹೋದವನು ‘ಯಾತ್ರಿಕ’, ಗುಂಪಿನಲ್ಲಿ ಹೋದವನು ಬರೀ ‘ಟೂರಿಸ್ಟು’. ಈ ವಿಂಗಡಣೆಯಲ್ಲಿ ಸ್ವಲ್ಪ ವರ್ಗದ ಸೊಕ್ಕೂ ಇದೆ. ಇಂಗ್ಲಿಷ್ ಬಾರದ, ಅರವತ್ತು ದಾಟಿದ, ಸಕ್ಕರೆ ಕಾಯಿಲೆಯ ಮಾತ್ರೆ ಕಟ್ಟಿಕೊಂಡು ಹೊರಟವರಿಗೆ ಗುಂಪಿಲ್ಲದೆ ಚೀನಾ ಇಲ್ಲ. ಅವರಿಂದ ಒಂಟಿತನವನ್ನು ಬೇಡುವ ಬದಲು ವಿಮರ್ಶೆ ಬೇರೆ ಮೂರು ಸಂಗತಿ ಕೇಳಬಹುದು. ತೋರಿಸಿದ್ದನ್ನು ತೋರಿಸಿದರು ಎಂದೇ ಉಳಿಸಿಕೊಂಡಿದ್ದಾರೆಯೇ? ‘ನೋಡಿದೆವು’ ಎಂಬಲ್ಲಿ ಆ ‘ನಾವು’ ಯಾರೆಂದು ಹೇಳಿದ್ದಾರೆಯೇ? ತಮ್ಮ ಊರಿನ ಕಣ್ಣಿಗೆ ತಾನಾಗಿ ಕಂಡದ್ದಕ್ಕೆ ಪುಟ ಕೊಟ್ಟಿದ್ದಾರೆಯೇ? ಇಷ್ಟಕ್ಕೆ ಹೌದು ಎಂದಾದರೆ ಒಂದು ವಾರ ಧಾರಾಳ ಸಾಕು. ಇಲ್ಲವಾದರೆ ಒಂದು ವರ್ಷವೂ ಸಾಲದು.

ನೋಟ್‌ಬುಕ್ಕನ್ನು ಪುಸ್ತಕ ಮಾಡುವ ಆಸೆ ಮೇಷ್ಟ್ರಿಗಿದೆ. ಹೆಸರಿನಲ್ಲಿ ‘ಡ್ರ್ಯಾಗನ್’ ಇರಲೇಬೇಕೆಂದು ಗೆಳೆಯರ ಒತ್ತಾಯ. ಸಮಾಧಿಗಳ ಪುಟ ಮನೆಯ ವಿಚಾರ, ಅದನ್ನು ತೆಗೆದರೆ ಚೆನ್ನ ಎಂದೂ ಅವರಲ್ಲೊಬ್ಬರು ಸೂಚಿಸಿದ್ದಾರಂತೆ. ನನ್ನ ಅಭಿಪ್ರಾಯ ಕೇಳಿದಾಗ, 9,999 ಕೋಣೆಗಳನ್ನು ಬೇಕಾದರೆ ಬಿಡಿ, ಆ ಒಂದೂವರೆ ಪುಟ ಬಿಡಬೇಡಿ ಎಂದೆ. ಹುಣಸೂರಿನವರ ಪ್ರಶ್ನೆಯನ್ನೂ ಉಳಿಸಿ, ನಕ್ಕೆವು ಎಂಬ ಪದವನ್ನೂ ಉಳಿಸಿ ಎಂದೆ. ಹೆಸರಿನ ಮಾತಿಗೆ ನಾನು ಹೆಚ್ಚೇನೂ ಹೇಳಲಿಲ್ಲ. ಶಿವರುದ್ರಪ್ಪನವರ ಪುಸ್ತಕದ ಹೆಸರನ್ನು ನೆನಪಿಸಿದೆ, ಅಷ್ಟೇ. ಮೇಷ್ಟ್ರು ಸ್ವಲ್ಪ ಹೊತ್ತು ಬೆರಳು ಮಡಿಸಿ ದಿನ ಎಣಿಸಿದರು.